ಹಿಂದಿನ ಗೇಟಿನ ಕೀಲಿಕೈ: ಗೆಳೆಯನಿಗೊಂದು ಪತ್ರ

ಬೆಳಗಾವಿ

ಪ್ರೀತಿಯ ಗೆಳೆಯನಿಗೆ,

ಉಭಯ ಕುಶಲೋಪರಿ. ನಮ್ಮ ಫುಟ್‌ಬಾಲ್ ಟೂರ್ನಿಯ ಕಮಿಟಿ ಮುಂದಿನ ವಾರ ಸಭೆ ಸೇರುತ್ತದೆಂದೂ, ಮೈದಾನದ ಸುತ್ತ ಆಳೆತ್ತರದ ತಂತಿಬಲೆ ಹಾಕಿಸಬೇಕು, ಹಿಂದಿನ ಗೇಟಿಗೆ ಕಾಯಂ ಕೀಲಿ ಹಾಕಬೇಕು, ಎರಡು ಓಣಿಗಳ ಹುಡುಗರನ್ನು ಒಳಗೆ ಬಿಡಬಾರದು ಎಂದು ಠರಾವು ಮಾಡುವ ವಿಚಾರವಿದೆಯೆಂದೂ ನೀನು ಫೋನಿನಲ್ಲಿ ಹೇಳಿದಾಗ ನಾನು ಸಿಟ್ಟಿನಿಂದ ಮಾತನಾಡಿಬಿಟ್ಟೆ. ಆ ಸಿಟ್ಟಿಗೆ ಕಾರಣವೇನೆಂಬುದನ್ನು ಸಮಾಧಾನದಿಂದ ಬರೆದು ತಿಳಿಸುವುದು ನನ್ನ ಕರ್ತವ್ಯ. ನಮ್ಮ ಜೊತೆ ಆಡಿ ಬೆಳೆದವರೆಲ್ಲ ಓದಲಿ ಎಂದು ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನೀನು ಬೇಸರ ಮಾಡಿಕೊಳ್ಳಲಾರೆ ಎಂಬ ನಂಬಿಕೆಯಿದೆ.

ಕಳೆದ ರವಿವಾರ ನೀನು ವೇದಿಕೆಯ ಕಡೆ ಇದ್ದೆ, ನಾನು ಹಿಂದಿನ ಗೇಟಿನ ಬಳಿ ಇದ್ದೆ. ಆಟ ಮುಗಿಯಲು ಎರಡು ಮೂರು ನಿಮಿಷ ಇರುವಾಗ ರೆಫರಿ ಪೆನಾಲ್ಟಿ ಕೊಟ್ಟರು. ಅದು ತಪ್ಪು ತೀರ್ಪೆಂದೇ ನನಗೆ ಈಗಲೂ ಅನ್ನಿಸುತ್ತದೆ. ನಮ್ಮ ಸಾಲಿನಿಂದ ನೀರು ತುಂಬಿದ ಬಾಟಲಿಯೊಂದು ಹಾರಿಹೋಗಿ ಲೈನ್‌ಮನ್ ಕಿವಿಗೆ ಬಡಿಯಿತು, ಇಪ್ಪತ್ತು ಮೂವತ್ತು ಹುಡುಗರು ಒಳಗೆ ನುಗ್ಗಿದರು, ಸ್ವಯಂಸೇವಕರು ಬಿದಿರಿನ ಕೋಲು ಹಿಡಿದು ಸಿಕ್ಕವರನ್ನೆಲ್ಲ ಅಟ್ಟಿದರು. ಹೊಡೆತಕ್ಕೆ ಹೆದರಿ ಓಡಿದವರಲ್ಲಿ ಹೆಚ್ಚಿನವರು ಏನೂ ಮಾಡದವರೇ ಆಗಿದ್ದರು, ಮತ್ತು ಅವರೆಲ್ಲ ಓಡಿ ಬಂದದ್ದು ಹಿಂದಿನ ಗೇಟಿಗೆ. ಗೇಟಿಗೆ ಕೀಲಿ ಬಿದ್ದಿತ್ತು. "ಕೀಲಿಕೈ ಯಾರ ಕಡೆ ಐತೋ?" ಎಂದು ಒಬ್ಬರು ಕನ್ನಡದಲ್ಲಿ, ಮತ್ತೊಬ್ಬರು ಮರಾಠಿಯಲ್ಲಿ ಕೂಗುತ್ತಲೇ ಇದ್ದರು. ಕೀಲಿಕೈ ಚಹಾ ಕುಡಿಯಲು ಹೋದವರೊಬ್ಬರ ಕಿಸೆಯಲ್ಲಿತ್ತು. ನನ್ನ ಮುಂದೆ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಗೇಟಿಗೆ ಒತ್ತಿಕೊಂಡು ನಿಂತಿದ್ದ, ಅಳಲಿಕ್ಕೂ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಹೇಗೋ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡೆ. ಗೇಟು ತೆರೆದ ಮೇಲೆ ಕೆಳಗಿಳಿಸಿ ನೋಡಿದರೆ ಅವನ ಕೆನ್ನೆಯ ಮೇಲೆ ಜಾಲರಿಯ ಗುರುತು ಚೌಕ ಚೌಕವಾಗಿ ಮೂಡಿತ್ತು.

ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆದ್ದರಿಂದಲೇ ಕಮಿಟಿಯವರ ಕಣ್ಣಿಗೆ ಬಾಟಲಿ ಮಾತ್ರ ಕಂಡಿದೆ, ಗೇಟು ಕಂಡಿಲ್ಲ. ಫುಟ್‌ಬಾಲ್ ಮೈದಾನಗಳಲ್ಲಿ ನಡೆದ ದೊಡ್ಡ ಸಾವುಗಳ ಕಥೆಯನ್ನು ಓದುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ಗೇಟೇ. 1964ರ ಮೇ 24ರಂದು ಪೆರು ದೇಶದ ಲಿಮಾದಲ್ಲಿ ಅರ್ಜೆಂಟೀನಾ ವಿರುದ್ಧದ ಒಲಿಂಪಿಕ್ ಅರ್ಹತಾ ಪಂದ್ಯದ ಕೊನೆಯ ಗಳಿಗೆಯಲ್ಲಿ ರೆಫರಿ ಪೆರುವಿನ ಗೋಲನ್ನು ರದ್ದುಪಡಿಸಿದರು. ಒಬ್ಬರ ಹಿಂದೊಬ್ಬರಂತೆ ಇಬ್ಬರು ಪ್ರೇಕ್ಷಕರು ಮೈದಾನಕ್ಕಿಳಿದರು, ಪೊಲೀಸರು ಗ್ಯಾಲರಿಯ ಕಡೆಗೆ ಅಶ್ರುವಾಯು ಸಿಡಿಸಿದರು, ಜನ ಮೆಟ್ಟಿಲಿಳಿದು ಓಡಿ ಬಂದಾಗ ಕೆಳಗಿನ ಉಕ್ಕಿನ ಬಾಗಿಲುಗಳು ಮುಚ್ಚಿದ್ದವು. ಸತ್ತವರು 328 ಮಂದಿ, ಬಹುತೇಕ ಎಲ್ಲರೂ ಉಸಿರುಗಟ್ಟಿ ಸತ್ತವರು. 2022ರ ಅಕ್ಟೋಬರ್ 1ರಂದು ಇಂಡೋನೇಷ್ಯಾದ ಮಲಾಂಗ್‌ನಲ್ಲಿ, ತವರಿನ ಅರೇಮಾ ತಂಡ 2-3ರಿಂದ ಸೋತ ರಾತ್ರಿ, ಇದೇ ಮತ್ತೆ ನಡೆಯಿತು. ಕ್ರೀಡಾಂಗಣದೊಳಗೆ ಅಶ್ರುವಾಯು ಬಳಸಕೂಡದೆಂದು ಫಿಫಾ ನಿಯಮವಿದ್ದರೂ ಪೊಲೀಸರು ಅದನ್ನು ಗ್ಯಾಲರಿಯತ್ತಲೂ ಹಾರಿಸಿದರು, ಇಕ್ಕಟ್ಟಾದ ಬಾಗಿಲುಗಳಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದರು, 135 ಜೀವಗಳು ಹೋದವು. ಅವರಲ್ಲಿ ಮಕ್ಕಳೂ ಇದ್ದರು.

ತಂತಿಬಲೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದನ್ನು ನೀನೇ ಸೂಚಿಸಿದ್ದೀಯೆಂದು ಕೇಳಿದೆ. ಇಂಗ್ಲೆಂಡಿನ ಮೈದಾನಗಳಲ್ಲಿ ಪುಂಡರು ಒಳಗಿಳಿಯಬಾರದೆಂದು ಇಂಥ ಬೇಲಿಗಳನ್ನೇ ಹಾಕಿಸಿದ್ದರು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ತಂಡದ ಪಂದ್ಯ ನೋಡಲು ಬಂದವರ ಒತ್ತಡ ಹೊರಗೆ ಹೆಚ್ಚಾದಾಗ ಪೊಲೀಸರು ದೊಡ್ಡ ಗೇಟೊಂದನ್ನು ತೆಗೆಸಿದರು. ಆದರೆ ಒಳಬಂದವರನ್ನು ಖಾಲಿಯಿದ್ದ ಬದಿಗಳಿಗೆ ತಿರುಗಿಸಲಿಲ್ಲ. ದನದ ದೊಡ್ಡಿಯಂತೆ ಬೇಲಿ ಹಾಕಿ ಬೇರ್ಪಡಿಸಿದ್ದ ನಡುಭಾಗಕ್ಕೆ, ಆಗಲೇ ತುಂಬಿ ತುಳುಕುತ್ತಿದ್ದ ಜಾಗಕ್ಕೆ, ಅವರೆಲ್ಲ ಸುರಂಗದ ಮೂಲಕ ಬಂದು ಸೇರಿದರು. ಮುಂದಿದ್ದವರು ಅದೇ ಬೇಲಿಗೆ ಒತ್ತಿಕೊಂಡು ಸತ್ತರು. ಗಾಯದಿಂದ ನರಳಿ 2021ರಲ್ಲಿ ತೀರಿಕೊಂಡವರನ್ನೂ ಸೇರಿಸಿದರೆ ಒಟ್ಟು 97 ಮಂದಿ. ಸತ್ತವರ ಮೇಲೆಯೇ ತಪ್ಪು ಹೊರಿಸಲಾಯಿತು, ಕುಡಿದು ಬಂದವರೆಂದು ಪತ್ರಿಕೆಯಲ್ಲಿ ಬರೆಯಲಾಯಿತು. ಇದು ಕಾನೂನುಬಾಹಿರ ಹತ್ಯೆ, ಅಭಿಮಾನಿಗಳ ತಪ್ಪಿಲ್ಲ ಎಂಬ ತೀರ್ಪನ್ನು ಸಾವಿನ ವಿಚಾರಣೆಯ ಜ್ಯೂರಿಯಿಂದ ಕೇಳಲು ಮನೆಯವರು 2016ರವರೆಗೆ ಹೋರಾಡಬೇಕಾಯಿತು. ಆ ದುರಂತದ ನಂತರ ಅಲ್ಲಿನ ಬೇಲಿಗಳನ್ನು ಕಿತ್ತು ಹಾಕಿದರು. ಅವರು ಅಷ್ಟು ಬೆಲೆ ತೆತ್ತು ಕಿತ್ತದ್ದನ್ನು ನಾವು ವರ್ಗಣಿ ಎತ್ತಿ ಹಾಕಿಸಲು ಹೊರಟಿದ್ದೇವೆ.

ಜನಕ್ಕೆ ಸಿಟ್ಟೇ ಬರಬೇಕೆಂದೂ ಇಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಮಂದಿ ಸತ್ತಾಗ ಊರು ಗೆಲುವಿನ ಸಂಭ್ರಮದಲ್ಲಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಬಾಟಲಿ ಎಸೆದವನ ತಪ್ಪನ್ನು ನಾನು ಮನ್ನಿಸುತ್ತಿಲ್ಲ. ಅವನು ನನ್ನಿಂದ ಎರಡು ಮಾರು ದೂರದಲ್ಲಿದ್ದ, ಅವನ ಕೈ ಮೇಲೆದ್ದದ್ದನ್ನು ನೋಡಿಯೂ ನಾನು ಹಿಡಿಯಲಿಲ್ಲ. ಇದು ನನ್ನನ್ನು ವಾರದಿಂದ ಕಾಡುತ್ತಿದೆ. 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಮೈದಾನದಲ್ಲಿ ಲಿವರ್‌ಪೂಲ್ ಬೆಂಬಲಿಗರು ಪಕ್ಕದವರ ಮೇಲೆ ಏರಿಹೋದಾಗ ಗೋಡೆ ಕುಸಿದು 39 ಜನ ಸತ್ತರು, ಹೆಚ್ಚಿನವರು ಇಟಲಿಯವರು. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ಗಲಾಟೆಯಲ್ಲಿ 16 ಮಂದಿ ಸತ್ತರು. ಅವರ ನೆನಪಿಗಾಗಿ ಆ ದಿನ ಅಲ್ಲಿ ಇಂದಿಗೂ ರಕ್ತದಾನ ನಡೆಯುತ್ತದೆ. ಕಲ್ಲು ನಮ್ಮೂರಿಗೂ ಹೊಸದಲ್ಲ. ಗಡಿಯ ಗಲಾಟೆಯ ದಿನಗಳಲ್ಲಿ ಬಸ್ಸಿನ ಗಾಜು ಪುಡಿಯಾಗಿ ರಸ್ತೆಯ ಮೇಲೆ ಬಿದ್ದಿದ್ದನ್ನು ನಾವಿಬ್ಬರೂ ಶಾಲೆಗೆ ಹೋಗುವಾಗ ನೋಡಿದ್ದೇವೆ. ಅಂಥ ಊರಿನಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಆಡುವ ಹುಡುಗರು ಒಂದೇ ಅಂಗಿ ತೊಟ್ಟು ಆಡುವ ಮೈದಾನ ನಮ್ಮದು. ಎರಡು ಓಣಿಗಳನ್ನು ಹೊರಗಿಟ್ಟರೆ ರೆಫರಿಯ ತೀರ್ಪಿನ ಜಗಳ ನಾಳೆ ಓಣಿಗಳ ಜಗಳವಾಗುತ್ತದೆ, ನಾಡಿದ್ದು ಭಾಷೆಯ ಜಗಳವಾಗುತ್ತದೆ. ಅದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗರಿಗೆ ಸಿಟ್ಟು ಬರುತ್ತದೆ, ಬರಲಿ. ಅದನ್ನು ತೋರಿಸಲು ಬೇರೆ ದಾರಿಗಳಿವೆಯೆಂದು ನಾವು ಅವರಿಗೆ ಎಂದೂ ಹೇಳಿಕೊಟ್ಟಿಲ್ಲ. ಲಿವರ್‌ಪೂಲ್‌ನ ಅದೇ ಬೆಂಬಲಿಗರು 2016ರ ಫೆಬ್ರವರಿಯಲ್ಲಿ, ಟಿಕೆಟ್ಟನ್ನು 77 ಪೌಂಡಿಗೆ ಏರಿಸುವ ಯೋಜನೆಯನ್ನು ವಿರೋಧಿಸಿ, 77ನೆಯ ನಿಮಿಷದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಎದ್ದು ಹೊರನಡೆದರು. ಆಗ ಅವರ ತಂಡ 2-0 ಮುಂದಿತ್ತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಆ ದರವನ್ನು ಕೈಬಿಟ್ಟರು. ಜರ್ಮನಿಯಲ್ಲಿ ಲೀಗಿನ ಆದಾಯದಲ್ಲಿ ಹೊರಗಿನ ಹೂಡಿಕೆದಾರರಿಗೆ ಪಾಲು ಕೊಡುವ ಒಪ್ಪಂದದ ವಿರುದ್ಧ ಅಭಿಮಾನಿಗಳು ಪಂದ್ಯದ ಮೊದಲ 12 ನಿಮಿಷ ಬಾಯಿ ಬಿಡದೆ ಕುಳಿತರು, ಟೆನಿಸ್ ಚೆಂಡುಗಳನ್ನು ಮೈದಾನಕ್ಕೆ ಎಸೆದು ಆಟ ನಿಲ್ಲಿಸಿದರು. 2024ರ ಫೆಬ್ರವರಿಯಲ್ಲಿ ಲೀಗು ಆ ಮಾತುಕತೆಯನ್ನೇ ನಿಲ್ಲಿಸಿತು. ಅದೇ ವರ್ಷ ಆಗಸ್ಟ್ 18ರಂದು ಕೋಲ್ಕತ್ತದಲ್ಲಿ ಡುರಾಂಡ್ ಕಪ್ ಪಂದ್ಯ ರದ್ದಾದಾಗ, ಕೊಲೆಯಾದ ವೈದ್ಯೆಗೆ ನ್ಯಾಯ ಬೇಕೆಂದು ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಬೆಂಬಲಿಗರು ಒಟ್ಟಿಗೆ ಬೀದಿಗಿಳಿದರು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕುಳಿತರು. ಲಾಠಿ ಬಿದ್ದರೂ ಅವರು ಬೇರೆಯಾಗಲಿಲ್ಲ.

ಹೀಗಾಗಿ ಸಭೆಯಲ್ಲಿ ನನ್ನ ಪರವಾಗಿ ಇಷ್ಟನ್ನು ಹೇಳು. ಹಿಂದಿನ ಗೇಟು ಆಟ ಮುಗಿಯುವವರೆಗೂ ತೆರೆದಿರಬೇಕು, ಅಲ್ಲಿ ಇಬ್ಬರು ದೊಡ್ಡವರು ನಿಂತಿರಬೇಕು. ಸ್ವಯಂಸೇವಕರ ಕೈಗೆ ಕೋಲು ಬೇಡ. ನೀರನ್ನು ಬಾಟಲಿಯಲ್ಲಿ ಮಾರುವ ಬದಲು ಪೇಪರ್ ಲೋಟದಲ್ಲಿ ಕೊಡಲಿ. ಪ್ರತಿ ಓಣಿಯಿಂದ ಹುಡುಗರ ಮಾತು ಕೇಳುವ ಒಬ್ಬ ಹಿರಿಯನನ್ನು ಕಮಿಟಿಗೆ ಸೇರಿಸಿಕೊಳ್ಳಿರಿ, ತೀರ್ಪಿನ ಬಗ್ಗೆ ತಕರಾರಿದ್ದರೆ ಅವನು ಬರೆದುಕೊಡಲಿ, ಅದಕ್ಕೆ ಕಮಿಟಿ ಎಲ್ಲರೆದುರು ಉತ್ತರ ಹೇಳಲಿ. ಬಾಟಲಿ ಎಸೆದವನನ್ನು ನಾನೇ ಕರೆದುಕೊಂಡು ಬಂದು ಲೈನ್‌ಮನ್‌ಗೆ ಕ್ಷಮೆ ಕೇಳಿಸುತ್ತೇನೆ, ಅವನ ಜೊತೆ ನಾನೂ ಕೇಳುತ್ತೇನೆ.

ಸಭೆಗೆ ಮೊದಲು ಶನಿವಾರ ಸಂಜೆ ಐದಕ್ಕೆ ಮೈದಾನಕ್ಕೆ ಬಾ. ನಾನು ಟೇಪು ತರುತ್ತೇನೆ, ಹಿಂದಿನ ಗೇಟು ಎಷ್ಟು ಅಗಲವಿದೆಯೆಂದು ಇಬ್ಬರೂ ಸೇರಿ ಅಳೆಯೋಣ. ಕೀಲಿಕೈ ಯಾರ ಬಳಿ ಇದೆಯೋ ಅವರನ್ನೂ ಕರೆದುಕೊಂಡು ಬಾ.

ಇಂತಿ ನಿನ್ನ ಪ್ರೀತಿಯ ಗೆಳೆಯ