ರಾತ್ರಿ ಎದ್ದು ಕೂರುವ ನನ್ನ ಅಳಿಯನಿಗೆ

ಕುಂಬಳೆ

ಚಿ. ರಾಜನಿಗೆ ಮಾವನ ಆಶೀರ್ವಾದಗಳು.

ನಿನ್ನೆ ಸುಮ ಫೋನ್ ಮಾಡಿದ್ದಳು. ಅವಳಿಗೆ ಬೈಯಬೇಡ. ಎಬ್ಬಿಸಲು ಹೆಗಲು ಮುಟ್ಟಿದ್ದಕ್ಕೆ ಅವಳ ಕೈ ತಿರುಚಿದೆಯಂತೆ, ಆಮೇಲೆ ಜಗಲಿಯಲ್ಲಿ ಕೂತೇ ಬೆಳಗು ಮಾಡಿದೆಯಂತೆ. ನೀನು ಕಾರ್ಗಿಲ್ ಯುದ್ಧ ಮುಗಿಸಿ ಬಂದು ಇಷ್ಟು ವರ್ಷ ಆಯಿತು, ಈಗ್ಯಾಕೆ ಹೀಗೆ ಅಂತ ಅತ್ತಳು.

ಈಗ್ಯಾಕೆ ಅಂತ ನನಗೆ ಗೊತ್ತು ಮಾರಾಯ. 1987ರಲ್ಲಿ ನಮ್ಮ ಶಾಂತಿಪಡೆಯ ಜೊತೆ ಶ್ರೀಲಂಕಾದ ಜಾಫ್ನಾಕ್ಕೆ ಹೋದವನು ನಾನು. ಅಲ್ಲಿ ತಾಳೆಮರಗಳ ಎಡೆಯಿಂದ ಗುಂಡು ಬರುತ್ತಿತ್ತು. ಊರಿಗೆ ಬಂದ ಮೇಲೆ ತೋಟದಲ್ಲಿ ಒಣ ಮಡಲು ಬಿದ್ದರೂ ಎದೆ ಹಾರುತ್ತಿತ್ತು. ಮತ್ತೆ ಎಲ್ಲ ತಣ್ಣಗಾಯಿತು. ಇಪ್ಪತ್ತು ವರ್ಷ ಬ್ಯಾಂಕಿನ ಬಾಗಿಲು ಕಾದೆ, ಮಕ್ಕಳ ಮದುವೆ ಮಾಡಿದೆ. ಆ ಕೆಲಸವನ್ನೂ ಬಿಟ್ಟು ಮನೆಯಲ್ಲಿ ಕೂತ ವರ್ಷ, ಕುಂಬಳೆ ಬೆಡಿಯ ರಾತ್ರಿ, ದೇವಸ್ಥಾನದ ಜಾತ್ರೆಯ ಸುಡುಮದ್ದಿನ ಮೊದಲ ಸದ್ದು ಕೇಳಿದ್ದಷ್ಟೇ ನೆನಪು. ನಿನ್ನ ಅತ್ತೆ ಟಾರ್ಚ್ ಹಿಡಿದು ಹುಡುಕುವಾಗ ಹಟ್ಟಿಯ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದೆ. ಬಾಯಲ್ಲಿ ಜಾಫ್ನಾದ ಕೆಂಪು ಮಣ್ಣಿನ ರುಚಿ.

ಇದು ಹುಚ್ಚಲ್ಲ. ಪುಕ್ಕಲುತನವೂ ಅಲ್ಲ. ಡಾಕ್ಟರು ಪಿಟಿಎಸ್‌ಡಿ ಅನ್ನುತ್ತಾರೆ, ಹಿಂದೆ ಕಂಡ ಭೀಕರ ಘಟನೆ ಮನಸ್ಸಿನಲ್ಲಿ ಉಳಿದು ಮತ್ತೆ ಮತ್ತೆ ಕಾಡುವ ಕಾಯಿಲೆ. ಆ ಹೆಸರು ಬಂದದ್ದು 1980ರಲ್ಲಿ, ಕಾಯಿಲೆ ಯುದ್ಧದಷ್ಟೇ ಹಳೆಯದು. ಓಡಾಟ ಇರುವಷ್ಟು ದಿನ ಒಳಗೇ ಅಡಗಿರುವುದುಂಟು. ಕೈ ಖಾಲಿಯಾದಾಗ, ಟಿ.ವಿ.ಯಲ್ಲಿ ಗಡಿಯ ಸುದ್ದಿ ಬಂದಾಗ ಮತ್ತೆ ತಲೆ ಎತ್ತುತ್ತದೆ. ನೀನು ರಾತ್ರಿಯಿಡೀ ಆ ಚಾನೆಲ್ ನೋಡುತ್ತೀಯಂತೆ. ಅದನ್ನು ಮೊದಲು ಬಂದ್ ಮಾಡು.

ಮಿಲಿಟರಿ ಕ್ಯಾಂಟೀನ್ ರಮ್ಮನ್ನು ನಂಬಬೇಡ. ನಾನು ಎರಡು ವರ್ಷ ನಂಬಿದೆ. ನಿದ್ದೆ ಬೇಗ ಹತ್ತುತ್ತದೆ ನಿಜ, ಆದರೆ ನಡುರಾತ್ರಿ ಕನಸು ಇನ್ನೂ ಜೋರಾಗಿ ಬರುತ್ತದೆ.

ನನಗೆ ಮಾತ್ರೆಯಿಂದ ನಿದ್ದೆ ಬಂತು. ಆದರೆ ನನ್ನನ್ನು ಮೇಲೆತ್ತಿದ್ದು ಮಾತು. ಡಾಕ್ಟರು ವಾರ ವಾರ ಕೂರಿಸಿ ಜಾಫ್ನಾದ ಅದೇ ಒಂದು ದಿನವನ್ನು ಮೊದಲಿಂದ ಕೊನೆವರೆಗೆ ಹೇಳಿಸಿದರು. ಶುರುವಿಗೆ ಕಷ್ಟ ಜಾಸ್ತಿಯೇ ಆಯಿತು, ಎರಡು ಸಲ ಅರ್ಧದಲ್ಲಿ ಎದ್ದು ಬಂದೆ. ಮೂರನೇ ತಿಂಗಳಲ್ಲಿ, ಹೇಳುತ್ತಾ ಹೇಳುತ್ತಾ, ಅದು ಮುಗಿದುಹೋದ ದಿನ ಅಂತ ಮೈಗೂ ಗೊತ್ತಾಯಿತು. ಈಗಲೂ ಬೆಡಿಗೆ ಬೆಚ್ಚುತ್ತೇನೆ. ಆದರೆ ಕೂತ ಕುರ್ಚಿಯಲ್ಲೇ ಇರುತ್ತೇನೆ.

ಸುಮನಿಗೆ ಹೇಳು, ಮುಟ್ಟಿ ಎಬ್ಬಿಸುವುದು ಬೇಡ. ದೀಪ ಹಾಕಿ ದೂರದಿಂದ ಕರೆಯಲಿ. ಎಚ್ಚರವಾದ ಕೂಡಲೇ ಅಂಗಾಲು ನೆಲಕ್ಕೆ ಊರು, ಆ ತಂಪು ಗೊತ್ತಾಗಲಿ. ರಾತ್ರಿ ತೀರಾ ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು. ಇಲ್ಲಾ ನನಗೆ ಮಾಡು. ನಾನು ಹೇಗೂ ನಾಲ್ಕಕ್ಕೆ ಎದ್ದಿರುತ್ತೇನೆ.

ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಡಾಕ್ಟರ ಹತ್ತಿರ ಒಟ್ಟಿಗೆ ಹೋಗುವ. ಮಾಜಿ ಸೈನಿಕರ ಚಿಕಿತ್ಸೆಯ ಇಸಿಎಚ್ಎಸ್ ಕಾರ್ಡ್ ಹುಡುಕಿಡು.

ನಿನ್ನ ಮಾವ