ಸೇನಾ ಭರ್ತಿಗೆ ಹೋಗುವ ಹುಡುಗರಿಗೆ ಕಾಯಿಲೆ ಮುಚ್ಚಿಡುವುದನ್ನು ಕಲಿಸಬೇಡಿ

ಮಾನ್ಯ ಸಂಪಾದಕರಿಗೆ,

ಅಗ್ನಿವೀರ ಭರ್ತಿಯ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಿ ರ‍್ಯಾಲಿಗೆ ತಯಾರಿ ನಡೆಸಿರುವ ನಮ್ಮೂರಿನ ಹುಡುಗನೊಬ್ಬ ಕಳೆದ ವಾರ ತನ್ನ ತಾಯಿಯೊಂದಿಗೆ ನಮ್ಮ ಮನೆಗೆ ಬಂದಿದ್ದ. 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸುತ್ತಾನೆ, ಹತ್ತು ಪುಲ್‌ಅಪ್ ಸಲೀಸಾಗಿ ಹೊಡೆಯುತ್ತಾನೆ. ಆದರೆ ಚಿಕ್ಕಂದಿನಿಂದಲೂ ಅವನಿಗೆ ದಮ್ಮಿನ ತೊಂದರೆ ಇದ್ದು, ಚಳಿಗಾಲದಲ್ಲಿ ಈಗಲೂ ಇನ್‌ಹೇಲರ್ ಬೇಕಾಗುತ್ತದೆ. ತರಬೇತಿ ಕೊಡುವವರು ‘ವೈದ್ಯಕೀಯ ತಪಾಸಣೆಯಲ್ಲಿ ಕೇಳಿದರೆ ಏನೂ ಇಲ್ಲ ಎನ್ನು, ಇನ್‌ಹೇಲರ್ ಮನೆಯಲ್ಲೇ ಬಿಟ್ಟು ಬಾ’ ಎಂದು ಹೇಳಿಕೊಟ್ಟಿದ್ದಾರಂತೆ. ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: “ಹೇಳಿದ್ರ ನೌಕರಿ ಹೋಗ್ತದ. ಹೇಳಲಿಲ್ಲಂದ್ರ ಏನಾಗ್ತದ್ರಿ?” ಆ ತಾಯಿಗೆ ನಾನು ಕೊಟ್ಟ ಉತ್ತರ ಅಂಥ ಇನ್ನೂ ಹಲವು ಮನೆಗಳಿಗೆ ಬೇಕಾಗಿದೆ ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸೇನೆಯ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಸಹಾಯಕನಾಗಿದ್ದು ಹವಾಲ್ದಾರ್ ಹುದ್ದೆಯಿಂದ ನಿವೃತ್ತನಾದವನು. ಭರ್ತಿ ರ‍್ಯಾಲಿಗಳ ತಪಾಸಣೆಯಲ್ಲಿ ವೈದ್ಯಾಧಿಕಾರಿಗಳ ಪಕ್ಕದಲ್ಲಿ ನಿಂತು ಎತ್ತರ, ಎದೆಯ ಸುತ್ತಳತೆ, ರಕ್ತದೊತ್ತಡ ಬರೆದುಕೊಂಡವನು. ಹುಡುಗರು ಮುಚ್ಚಿಡುವ ಬಗೆಗಳನ್ನೆಲ್ಲ ಅಲ್ಲಿ ಕಂಡಿದ್ದೇನೆ. ಎದೆಬಡಿತ ಜಾಸ್ತಿ ಇದೆಯೆಂದು ಯಾರೋ ಕೊಟ್ಟ ಮಾತ್ರೆ ನುಂಗಿ ಬಂದು, ಸಾಲಿನಲ್ಲಿ ನಿಂತಲ್ಲೇ ತಲೆಸುತ್ತಿ ಕುಸಿದವರಿದ್ದಾರೆ. ವರ್ಣಾಂಧತೆ ಪರೀಕ್ಷಿಸುವ ಇಶಿಹಾರಾ ಪುಸ್ತಕದ ಪುಟಗಳನ್ನು ಮೊಬೈಲಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ವೈದ್ಯರು ಪುಟಗಳ ಕ್ರಮ ತಪ್ಪಿಸಿ ತೋರಿಸಿದರೆ, ಕಾಣದ ಅಂಕಿಯನ್ನು ಕಂಡಂತೆ ಹೇಳುತ್ತ ಬೆವರುತ್ತಾರೆ. ಇವೆಲ್ಲಕ್ಕಿಂತ ನನ್ನನ್ನು ನೋಯಿಸಿದ್ದು ಕಿವಿಯ ವಿಷಯ. ಕಿವಿಯಲ್ಲಿ ಗುಗ್ಗೆ ಇದ್ದರೆ ತೆಗೆಸಿಕೊಂಡು ಬರಲು ಹೇಳುತ್ತಾರೆ. ಅದರಿಂದ ಯಾರೂ ಅನರ್ಹರಾಗುವುದಿಲ್ಲ. ಆ ಗಾಬರಿಯಲ್ಲಿ ಹಿಂದಿನ ರಾತ್ರಿ ಕಡ್ಡಿ ಹಾಕಿ ಕೆದಕಿಕೊಂಡು, ಸರಿಯಾಗಿದ್ದ ತಮಟೆಯನ್ನೇ ತೂತು ಮಾಡಿಕೊಂಡು ಬಂದ ಹುಡುಗನೊಬ್ಬನ ಕಿವಿಯಿಂದ ನಾನೇ ರಕ್ತ ಒರೆಸಿದ್ದೇನೆ.

ತಪಾಸಣೆಯಲ್ಲಿ ಸಿಕ್ಕಿಬೀಳದೆ ದಾಟಿದವರ ಕಥೆ ಬೇರೆ. ತರಬೇತಿ ಕೇಂದ್ರವೊಂದರ ಆಸ್ಪತ್ರೆಯಲ್ಲಿ ನಾನಿದ್ದಾಗ, ರಾತ್ರಿಯ ನಡಿಗೆ ಮುಗಿಸಿ ಬಂದ ತುಕಡಿಯಿಂದ ಒಬ್ಬ ಹುಡುಗನನ್ನು ನಸುಕಿನಲ್ಲಿ ಎತ್ತಿಕೊಂಡು ಬಂದರು. ಹಲ್ಲು ಕಚ್ಚಿಕೊಂಡಿದ್ದವು, ನಾಲಿಗೆ ಸೀಳಿತ್ತು, ಬೂಟುಗಳಲ್ಲಿದ್ದ ಕಾಲುಗಳು ಇನ್ನೂ ಅದುರುತ್ತಿದ್ದವು. ಆಮೇಲೆ ಅವನ ಟ್ರಂಕಿನಲ್ಲಿ ಹಲ್ಲುಪುಡಿಯ ಡಬ್ಬಿಯೊಂದು ಸಿಕ್ಕಿತು. ಪುಡಿಯ ಕೆಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಮೂರ್ಛೆರೋಗದ ಮಾತ್ರೆಗಳಿದ್ದವು. ಎಂಟು ವರ್ಷದಿಂದ ತೆಗೆದುಕೊಳ್ಳುತ್ತಿದ್ದನಂತೆ. ಸಾಮಾನು ತಪಾಸಣೆಯಲ್ಲಿ ಸಿಕ್ಕಿಬಿದ್ದೇನೆಂಬ ಭಯದಿಂದ ಹತ್ತು ದಿನದ ಹಿಂದೆ ಒಮ್ಮೆಲೇ ನಿಲ್ಲಿಸಿಬಿಟ್ಟಿದ್ದ. ಈ ಮಾತ್ರೆಗಳನ್ನು ಹಾಗೆ ಹಠಾತ್ತನೆ ಬಿಟ್ಟರೆ ಮೂರ್ಛೆ ಮರಳಿ ಬರುವ ಸಾಧ್ಯತೆ ಹೆಚ್ಚು, ನಿದ್ದೆಗೆಟ್ಟರೆ ಇನ್ನೂ ಹೆಚ್ಚು. ತರಬೇತಿಯಲ್ಲಿ ನಿದ್ದೆಗೆಡದ ವಾರವೇ ಇರುವುದಿಲ್ಲ. ಅವನು ಬಿದ್ದದ್ದು ಮಣ್ಣಿನ ಮೇಲೆ. ಅದೇ ಗುಂಡು ತುಂಬಿದ ರೈಫಲ್ ಕೈಯಲ್ಲಿದ್ದಾಗ ಆಗಿದ್ದರೆ ಅವನ ಪಕ್ಕದವನ ಗತಿ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಎಚ್ಚರವಾದ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು, “ಸರ್, ಮನ್ಯಾಗ ತಿಳಿಸಬ್ಯಾಡ್ರಿ.” ಅವನು ಮನೆಗೆ ಹೋದದ್ದು ಸೇನೆಯ ಬಿಡುಗಡೆ ಪತ್ರದೊಂದಿಗೆ.

ಹೇಳದಿದ್ದರೆ ಏನಾಗುತ್ತದೆ ಎಂಬುದರ ಕಾನೂನಿನ ಮಗ್ಗುಲನ್ನೂ ಹೆತ್ತವರು ತಿಳಿದಿರಬೇಕು. ಭರ್ತಿಯ ಅರ್ಜಿ ನಮೂನೆಯಲ್ಲಿ ಕೇಳಿದ ಪ್ರಶ್ನೆಗೆ ಗೊತ್ತಿದ್ದೂ ಸುಳ್ಳು ಉತ್ತರ ಕೊಟ್ಟದ್ದು ಸೇರಿದ ಮೇಲೆ ಗೊತ್ತಾದರೆ, 1950ರ ಸೇನಾ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಕೋರ್ಟ್ ಮಾರ್ಷಲ್‌ನಲ್ಲಿ ಸಾಬೀತಾದರೆ ಐದು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಆದರೆ ಶಿಕ್ಷೆಗಿಂತ ದೊಡ್ಡ ನಷ್ಟವೊಂದಿದೆ, ಅದನ್ನು ಯಾವ ತರಬೇತಿದಾರನೂ ಹುಡುಗರಿಗೆ ಹೇಳುವುದಿಲ್ಲ. ಧರ್ಮವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿ, ಒಂಬತ್ತು ವರ್ಷ ಸೇವೆ ಮಾಡಿದ ಮೇಲೆ ಇದೇ ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಹೊರಬಿದ್ದರು. ಅಂಗವೈಕಲ್ಯ ಪಿಂಚಣಿ ನಿರಾಕರಿಸಲಾಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು: ಸೇರುವಾಗ ಯಾವುದೇ ಕಾಯಿಲೆ ದಾಖಲಾಗಿರದಿದ್ದರೆ ಆ ಸೈನಿಕ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು; ಆಮೇಲೆ ಆರೋಗ್ಯ ಕೆಟ್ಟರೆ ಅದು ಸೇವೆಯಿಂದಲೇ ಎಂದು ಭಾವಿಸಬೇಕು; ಅಲ್ಲವೆನ್ನುವುದಾದರೆ ಅದಕ್ಕೆ ಕಾರಣ ಕೊಡಬೇಕಾದದ್ದು ವೈದ್ಯಕೀಯ ಮಂಡಳಿಯ ಹೊಣೆ. ಸಾಮಾನ್ಯ ಸಿಪಾಯಿಯ ಪಾಲಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. ಅದು ನಿಂತಿರುವುದು, ಸೇರುವ ದಿನ ಅವನು ನಿಜ ಹೇಳಿದ್ದಾನೆ ಎಂಬ ನಂಬಿಕೆಯ ಮೇಲೆ. ಊರಿನ ಆಸ್ಪತ್ರೆಯ ಒಂದು ಹಳೆಯ ಚೀಟಿ ಹೊರಬಂದರೆ ಸಾಕು, ಆ ಆಸರೆ ಕುಸಿಯುತ್ತದೆ. ಅಗ್ನಿವೀರರಿಗೆ ಪಿಂಚಣಿಯೇ ಇಲ್ಲ. ವೈಕಲ್ಯದ ಪ್ರಮಾಣ ಶೇ 100, 75 ಅಥವಾ 50 ಇದ್ದರೆ ಕ್ರಮವಾಗಿ 44, 25, 15 ಲಕ್ಷ ರೂಪಾಯಿಯ ಒಂದು ಬಾರಿಯ ಪರಿಹಾರವಿದೆ. ಅದೂ ಸೇವೆಯಿಂದ ಬಂದ ಅಥವಾ ಸೇವೆಯಿಂದ ಉಲ್ಬಣಿಸಿದ ವೈಕಲ್ಯಕ್ಕೆ ಮಾತ್ರ. ಮನೆಯಿಂದಲೇ ತಂದು ಬಚ್ಚಿಟ್ಟ ಕಾಯಿಲೆಗೆ ಯಾವ ಮಂಡಳಿಯ ಮುಂದೆ ಹೋಗಿ ಏನೆಂದು ಕೇಳುವುದು?

ಇನ್ನು ದೇಹದ ಮಾತು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಮ್ಮ ನಾಡು ಮರೆತಿಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ಆರು ದಿನ ಹಿಮದಡಿಯಲ್ಲಿದ್ದು ಜೀವಂತವಾಗಿ ಹೊರಬಂದವರು, ಬಳಿಕ ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಬಯಲುಸೀಮೆಯ ಹುಡುಗನನ್ನು ಸೇನೆ ಕಳಿಸುವುದು ಅಂಥ ಜಾಗಕ್ಕೆ. ಅಲ್ಲಿ ಪೂರ್ಣ ಆರೋಗ್ಯವಂತನಿಗೇ ಉಸಿರು ಸಾಲುವುದಿಲ್ಲ. ಒಣ, ಕೊರೆಯುವ ಗಾಳಿಯಲ್ಲಿ ದಮ್ಮಿನವನ ಶ್ವಾಸನಾಳಗಳು ಬಿಗಿದುಕೊಳ್ಳುತ್ತವೆ, ಹವಾಮಾನ ಕೆಟ್ಟರೆ ಹೆಲಿಕಾಪ್ಟರ್ ದಿನಗಟ್ಟಲೆ ಬರುವುದಿಲ್ಲ. ಚಾಮರಾಜನಗರ, ಕೊಡಗು, ಎಚ್.ಡಿ. ಕೋಟೆ ಕಡೆಯ ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುವ ಕುಡಗೋಲು ಕಣದ (ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದೋಷದ) ಅಂಶ ಇರುವವರು ಊರಿನಲ್ಲಿ ಯಾವ ತೊಂದರೆಯೂ ಇಲ್ಲದೆ ಬಾಳುತ್ತಾರೆ. ಅತಿ ಎತ್ತರದಲ್ಲಿ ಅವರ ಗುಲ್ಮಕ್ಕೆ (ಸ್ಪ್ಲೀನ್) ರಕ್ತದ ಹರಿವು ನಿಲ್ಲುವ ಅಪಾಯವಿದೆ. ತಪಾಸಣೆಯ ಪ್ರಶ್ನೆಗಳ ಹಿಂದೆ ಇರುವುದು ಇಂಥ ಅನುಭವ, ಹುಡುಗರನ್ನು ತೆಗೆದುಹಾಕುವ ಚಟವಲ್ಲ.

ಹೇಳಿದವರೆಲ್ಲ ನೌಕರಿ ಕಳೆದುಕೊಳ್ಳುತ್ತಾರೆಂಬುದೂ ಸರಿಯಲ್ಲ. ಹರ್ನಿಯಾ, ವೃಷಣದ ನೀರು, ಮೂಲವ್ಯಾಧಿಯಂಥವಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಗಾಯ ಪೂರ್ತಿ ಮಾಗಿದ ಮೇಲೆ ಕಾಗದಪತ್ರ ಸಮೇತ ಬಂದು ಆಯ್ಕೆಯಾದವರನ್ನು ನಾನು ಬಲ್ಲೆ. ರ‍್ಯಾಲಿಯಲ್ಲಿ ಅನರ್ಹನೆಂದು ಬರೆದರೆ, ನಿಗದಿತ ದಿನಗಳೊಳಗೆ ಸೇನಾ ಆಸ್ಪತ್ರೆಯ ತಜ್ಞರ ಮುಂದೆ ಹಾಜರಾಗಿ ಮರುಪರೀಕ್ಷೆ ಕೇಳಲು ಅವಕಾಶವಿದೆ. ನಿರಾಸೆಯಲ್ಲಿ ಬಸ್ಸು ಹತ್ತಿ ಊರಿಗೆ ಬಂದುಬಿಡುವ ಹುಡುಗರೇ ಹೆಚ್ಚು. ದಮ್ಮು, ಮೂರ್ಛೆರೋಗದಂಥವುಗಳಿಗೆ ಬಾಗಿಲು ಮುಚ್ಚಿದೆ ಎಂಬುದು ನಿಜ. ಹೇಳಿ ಮನೆಗೆ ಬಂದವನ ಕೈಯಲ್ಲಿ ಬೇರೆ ಕೆಲಸ ಹುಡುಕುವ ವಯಸ್ಸು ಉಳಿದಿರುತ್ತದೆ, ಹೆಸರಿನ ಮೇಲೆ ಕಳಂಕವಿರುವುದಿಲ್ಲ. ಹಾಗೆಂದು ಅವನ ದುಃಖವನ್ನು ನಾನು ಹಗುರ ಮಾಡುತ್ತಿಲ್ಲ. ನಾಲ್ಕು ವರ್ಷ ನಸುಕಿನಲ್ಲಿ ಎದ್ದು ಓಡಿದವನಿಗೆ ಅದು ಎಂಥ ಪೆಟ್ಟೆಂದು ತಪಾಸಣೆಯ ಟೆಂಟಿನ ಹೊರಗೆ ಕೂತು ಅಳುವವರನ್ನು ಕಂಡ ನನಗೆ ಗೊತ್ತು.

ಆದ್ದರಿಂದಲೇ ನಾನು ಹುಡುಗರನ್ನು ದೂರುವುದಿಲ್ಲ. ಹದಿನೇಳೂವರೆ ವಯಸ್ಸಿನವನು ಗುರುವೆಂದು ನಂಬಿದವರು ಹೇಳಿದಂತೆ ನಡೆಯುತ್ತಾನೆ. ತಿಂಗಳಿಗೆ ಸಾವಿರಗಟ್ಟಲೆ ಶುಲ್ಕ ಪಡೆಯುವ ತರಬೇತಿ ಕೇಂದ್ರಗಳು, ಓಟ ಕಲಿಸುವ ಮೊದಲೇ, ಸೇರಿಸಿಕೊಳ್ಳುವ ದಿನವೇ ಒಬ್ಬ ವೈದ್ಯರಿಂದ ಕಣ್ಣು, ಕಿವಿ, ಕಾಲು, ಎದೆ ಪರೀಕ್ಷಿಸಿ ಉಳ್ಳದ್ದನ್ನು ಮನೆಯವರಿಗೆ ತಿಳಿಸುವಂತೆ ಜಿಲ್ಲಾಡಳಿತ ಕಡ್ಡಾಯ ಮಾಡಬೇಕು. ವರ್ಣಾಂಧತೆ ಗೊತ್ತಾಗಲು ಐದು ನಿಮಿಷ ಸಾಕು. ಎರಡು ವರ್ಷ ಶುಲ್ಕ ವಸೂಲು ಮಾಡಿದ ಮೇಲೆ ಗೊತ್ತಾಗಬೇಕಾದ ಸಂಗತಿಯಲ್ಲ ಅದು. ಸೇನೆಯ ಭರ್ತಿ ಕಚೇರಿಗಳಲ್ಲೂ ನನ್ನ ಕೋರಿಕೆಯೊಂದಿದೆ. ಪ್ರವೇಶ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ಅದೇ ರೀತಿ ಕಾಯಿಲೆಗಳ ಕುರಿತ ಪ್ರಶ್ನೆಗಳನ್ನೂ ಕನ್ನಡದಲ್ಲಿ ಬಿಡಿಸಿ ಹೇಳುವ ವ್ಯವಸ್ಥೆಯಾಗಲಿ. ‘ಎಪಿಲೆಪ್ಸಿ ಇದೆಯೇ’ ಎಂದರೆ ಗೊತ್ತಾಗದೆ ಇಲ್ಲವೆಂದವನು ‘ಪಿಟ್ಸ್ ಬರುತ್ತದೆಯೇ’ ಎಂದರೆ ಹೌದೆಂದದ್ದನ್ನು ನಾನು ಕೇಳಿದ್ದೇನೆ. ಅವನು ಸುಳ್ಳುಗಾರನಾಗಿರಲಿಲ್ಲ.

ನಮ್ಮೂರಿನ ಆ ಹುಡುಗ ಬರುವ ಸೋಮವಾರ ಜಿಲ್ಲಾಸ್ಪತ್ರೆಯಲ್ಲಿ ಶ್ವಾಸಕೋಶದ ಪರೀಕ್ಷೆಗೆ ಹೆಸರು ಬರೆಸಿದ್ದಾನೆ. ಜೊತೆಗೆ ನಾನೂ ಹೋಗುತ್ತಿದ್ದೇನೆ. ಹಳೆಯ ಚೀಟಿಗಳನ್ನೆಲ್ಲ ಅವನ ತಾಯಿ ಒಂದು ಚೀಲದಲ್ಲಿ ಹಾಕಿಟ್ಟಿದ್ದಾರೆ, ಇನ್‌ಹೇಲರ್ ಕೂಡ ಅದರಲ್ಲೇ ಇದೆ.

ಇತಿ,
ಒಬ್ಬ ನಿವೃತ್ತ ಹವಾಲ್ದಾರ್, ಸೇನಾ ವೈದ್ಯಕೀಯ ದಳ
ಬೆಳಗಾವಿ ಜಿಲ್ಲೆ