ನಾಲ್ಕು ಅಕ್ಷರಕ್ಕೆ ಕಾದಂಬರಿ ಬಿಡಬೇಡ

ಮಾಟುಂಗಾ, ಮುಂಬಯಿ

ಪ್ರೀತಿಯ ತಂಗೀ,

ನಿನ್ನ ಕಾಗದ ಓದಿ ಎರಡು ದಿನ ಬೇಜಾರಾಗಿತ್ತು. ಆಫೀಸಿನಲ್ಲಿ ಮಾಡಿಸಿದ, ಸ್ವಭಾವವನ್ನು ನಾಲ್ಕು ಇಂಗ್ಲಿಷ್ ಅಕ್ಷರದಲ್ಲಿ ಹೇಳುವ ಮೈಯರ್ಸ್-ಬ್ರಿಗ್ಸ್ ಟೆಸ್ಟಿನಲ್ಲಿ 'ಐಎನ್‌ಎಫ್‌ಪಿ' ಬಂತು, 'ನಾನು ಒಳಮುಖಿ, ಜನರ ಕತೆ ನನ್ನ ಕೈಲಾಗದು, ಇನ್ನು ಕವಿತೆ ಮಾತ್ರ' ಎಂದು ಬರೆದಿದ್ದೀಯ. ಮುಂಬಯಿಯ ಚಾಳಿನ (ಒತ್ತೊತ್ತಾದ ಬಾಡಿಗೆ ಮನೆಗಳ) ಕಾದಂಬರಿಯನ್ನು ಅರ್ಧಕ್ಕೇ ನಿಲ್ಲಿಸಿದೆಯಂತೆ. ಬಿಡಬೇಡ.

ಆ ಟೆಸ್ಟು ಹುಟ್ಟಿದ್ದು ಹೇಗೆ ಗೊತ್ತಾ? ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ವಿಚಾರಗಳನ್ನು ಹಿಡಿದು ಅಮೆರಿಕದ ತಾಯಿ-ಮಗಳು ಅದನ್ನು ಕಟ್ಟಿದರು. ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಮನಶ್ಶಾಸ್ತ್ರ ಓದಿದವರಲ್ಲ. ಅದಕ್ಕೂ ಮೊದಲು ಪತ್ತೇದಾರಿ ಕಾದಂಬರಿ ಬರೆದವರು, ನಮ್ಮ ಜಾತಿಯವರೇ! ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ತಿಳಿಯಲಿ ಅನ್ನುವುದು ಅವರ ಆಸೆ. ಒಳ್ಳೆಯ ಆಸೆಯೇ. ಆದರೆ ಹೆಚ್ಚಿನ ಜನ ಒಳಮುಖಿ, ಹೊರಮುಖಿ ಎರಡರ ನಡುವೆ ಎಲ್ಲೋ ಇರುತ್ತಾರೆ. ಟೆಸ್ಟು ಮಧ್ಯದಲ್ಲಿ ಗೆರೆ ಎಳೆದು ಆಚೆ, ಈಚೆ ಮಾಡಿಬಿಡುತ್ತದೆ. ಅದಕ್ಕೇ ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಎಷ್ಟೋ ಜನರಿಗೆ ಬೇರೆ ಅಕ್ಷರ ಬರುತ್ತದೆ. ಅದೂ ಅಲ್ಲದೆ, ಅದು ಕೇಳುವುದು ನಿನಗೆ ಏನು ಇಷ್ಟ ಎಂದಷ್ಟೇ. ಏನು ಮಾಡಬಲ್ಲೆ ಎಂದು ಕೇಳುವುದೇ ಇಲ್ಲ.

ನಾನು ನಿನಗಿಂತ ಮಾತು ಕಮ್ಮಿ. 22ನೇ ವಯಸ್ಸಿನಲ್ಲಿ ಇಲ್ಲಿಯ ಕೋಟೆ (ಫೋರ್ಟ್) ಭಾಗದ ಒಂದು ಕನ್ನಡ ರಾತ್ರಿಶಾಲೆಗೆ ಪಾಠ ಹೇಳಲು ಹೋದೆ. ದಿನವಿಡೀ ಹೋಟೆಲಿನಲ್ಲಿ ಟೇಬಲ್ ಒರೆಸಿ ಬಂದ ಹುಡುಗರು. ಮೊದಲ ತಿಂಗಳು ಅವರ ಮುಖ ನೋಡಲೂ ಆಗುತ್ತಿರಲಿಲ್ಲ, ಬೋರ್ಡಿನ ಕಡೆ ತಿರುಗಿಯೇ ಪಾಠ. ಒಂದು ರಾತ್ರಿ ಒಬ್ಬ ಬಂದು ಊರಿಗೆ ಕಾಗದ ಬರೆದುಕೊಡಿ ಎಂದ. 'ಕೈ ಸುಟ್ಟದ್ದು ಅಮ್ಮನಿಗೆ ಬರೀಬೇಡಿ ಸಾರ್. ಇಲ್ಲಿ ಮಳೆ ಜೋರು ಅಂತ ಬರೀರಿ.' ಆಮೇಲೆ ಸಾಲು ನಿಂತಿತು. ಒಬ್ಬೊಬ್ಬನೂ ಏನು ಹೇಳುತ್ತಾನೆ, ಏನು ನುಂಗುತ್ತಾನೆ ಎಂದು ಸುಮ್ನೆ ಕೇಳುತ್ತಾ ಬರೆದೆ. ಸಂಭಾಷಣೆ ನನಗೆ ಬಂದದ್ದು ಅಲ್ಲಿಂದ. ಮೊದಲ ತಿಂಗಳಲ್ಲೇ ಯಾರಾದರೂ ನಾಲ್ಕು ಅಕ್ಷರ ಕೈಗೆ ಕೊಟ್ಟಿದ್ದರೆ ಆ ಶಾಲೆ ಬಿಡುತ್ತಿದ್ದೆ, ಖಂಡಿತ.

ಯಶವಂತ ಚಿತ್ತಾಲರು ಇದೇ ಊರಿನಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿಯುತ್ತಾ ಬಾಂದ್ರಾದ ಮನೆಯಲ್ಲಿ ಕತೆ ಬರೆದರಲ್ಲ, ಅವರನ್ನು ಯಾವ ಖಾನೆಗೆ ಹಾಕುತ್ತೀ?

ನಿನ್ನ ಮೂರನೇ ಅಧ್ಯಾಯ ನಲ್ಲಿಯ ಹತ್ತಿರದ ಜಗಳದಲ್ಲಿ ನಿಂತಿದೆ. ಆ ಅಜ್ಜಿ ಕೊಡ ಕೆಳಗಿಟ್ಟು ಏನಂದಳು? ಬೆಳಗ್ಗೆ ನೀರು ಬಿಡುವ ಹೊತ್ತಿಗೆ ನೀನೂ ಒಂದು ಬಕೆಟ್ ಹಿಡಿದು ಸಾಲಿನಲ್ಲಿ ನಿಲ್ಲು. ಮಾತಾಡಬೇಕಂತಿಲ್ಲ. ಭಾನುವಾರ ಸಂಜೆ ಮೈಸೂರು ಅಸೋಸಿಯೇಷನ್ನಿನಲ್ಲಿ ಇರುತ್ತೇನೆ, ಬರೆದಷ್ಟು ತಾ.

ನಿನ್ನ ಅಣ್ಣ